ಪರಊರಲ್ಲಿ ಒಂದು ರಾತ್ರಿಯ ಮರ್ಯಾದೆ

ಕಲಬುರಗಿ ರೈಲು ನಿಲ್ದಾಣದಲ್ಲಿ ರಾತ್ರಿ ಗಾಡಿಯಿಂದ ಇಳಿಯುವವರಲ್ಲಿ ಊರು ನೋಡಲು ಬಂದವರು ಕಡಿಮೆ. ನಾಳೆ ಹೈಕೋರ್ಟಿನಲ್ಲಿ ತಾರೀಖು ಇರುವ ರೈತ, ಎಕ್ಸ್‌ರೇ ಲಕೋಟೆ ಹಿಡಿದ ಮಗ, ಅವನ ತೋಳು ಹಿಡಿದು ನಡೆಯುವ ತಾಯಿ, ನೆಹರೂ ಗಂಜಿನಲ್ಲಿ ತೊಗರಿಯ ಧಾರಣೆ ಮಾತಾಡಲು ಬಂದ ವ್ಯಾಪಾರಿ, ನೌಕರಿಯ ಪರೀಕ್ಷೆ ಬರೆಯಲು ಬಂದ ಹುಡುಗಿ, ಬೆಳಗಾದರೆ ಗಾಣಗಾಪುರದ ಬಸ್ಸು ಹಿಡಿಯಬೇಕಾದ ಹೈದರಾಬಾದಿನ ಕುಟುಂಬ. ಇವರಿಗೆ ಪಂಚತಾರಾ ಸುಖ ಬೇಕಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಟವೆಲ್ ಹಾಸಿ ರಾತ್ರಿ ಕಳೆಯುವ ಕಷ್ಟವೂ ಬೇಡ. ಒಗೆದ ಚಾದರ, ಒಳಗಿನಿಂದ ಭದ್ರವಾಗಿ ಬೀಳುವ ಚಿಲಕ, ಬೆಳಗಿನ ಸ್ನಾನಕ್ಕೆ ಬಿಸಿನೀರು, ಕೊಟ್ಟ ದುಡ್ಡಿಗೆ ರಸೀದಿ. ಅವರು ಕೇಳುವುದು ಇಷ್ಟೇ.

ಹೀಗೆ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂತು, 2009ರಲ್ಲಿ ಆಳಂದ ರಸ್ತೆಯ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಹೈಕೋರ್ಟ್ 2013ರಲ್ಲಿ ಕಾಯಂ ಪೀಠವಾಯಿತು. 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ 371 ಹಾಸಿಗೆಗಳನ್ನೇ ಇಟ್ಟು ಕಟ್ಟಿದ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಒಂದೊಂದು ಸಂಸ್ಥೆ ಬಂದಾಗಲೂ ನಾವು ಕಟ್ಟಡ ನೋಡಿ ಹೆಮ್ಮೆಪಟ್ಟೆವು. ಅಲ್ಲಿಗೆ ಬರುವ ಪರಊರಿನವರು ರಾತ್ರಿ ಎಲ್ಲಿ ತಲೆ ಊರಬೇಕು ಎಂದು ಕೇಳಿದವರು ಕಡಿಮೆ. 371 ಹಾಸಿಗೆಗಳಲ್ಲಿ ರೋಗಿಗಳು ಮಲಗಿದರೆ, ಅವರ ಹಿಂದೆ ಬಂದವರಿಗೂ ಅಷ್ಟೇ ಹಾಸಿಗೆ ಊರಿನಲ್ಲಿ ಬೇಕಾಗುತ್ತದೆ.

ಜಪಾನಿನ ನಗರಗಳಲ್ಲಿ ಮಧ್ಯಮ ದರ್ಜೆಯ ಹೋಟೆಲುಗಳಲ್ಲಿ ಉಳಿದು ಬಂದ ಮೇಲೆ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದು. ಊರು ದೊಡ್ಡದಾಯಿತೇ ಎಂಬುದಕ್ಕೆ ಅಲ್ಲಿನ ದುಬಾರಿ ಹೋಟೆಲು ಸಾಕ್ಷಿಯಾಗಲಾರದು. ಗುರುತು ಪರಿಚಯವಿಲ್ಲದ, ಜೇಬಿನಲ್ಲಿ ಮಿತವಾದ ದುಡ್ಡಿರುವ ಮನುಷ್ಯ ರಾತ್ರಿ ಹನ್ನೊಂದಕ್ಕೆ ಬಂದಿಳಿದರೆ ಅವನಿಗೆ ಎಂಥ ಕೋಣೆ ಸಿಗುತ್ತದೆ ಎಂಬುದನ್ನು ನೋಡಬೇಕು.

ಸ್ಟೇಷನ್ ರಸ್ತೆಯ ಕೌಂಟರು

ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್, ಕೇಂದ್ರ ಬಸ್ ನಿಲ್ದಾಣದ ಸುತ್ತು: ನಮ್ಮ ಲಾಡ್ಜುಗಳ ನೆಲೆ ಇದು. ಒಳಗೆ ಕಾಲಿಟ್ಟರೆ ಕೌಂಟರಿನ ಹಿಂದೆ ಶರಣಬಸವೇಶ್ವರರ ಪಟವೋ ಬಂದೇನವಾಜರ ದರ್ಗಾದ ಚಿತ್ರವೋ ಇರುತ್ತದೆ, ಎದುರಿಗೆ ಊದಿನಕಡ್ಡಿ. ಉದ್ದನೆಯ ರಜಿಸ್ಟರ್ ಬಿಚ್ಚಿ ಮುಂದಕ್ಕೆ ತಳ್ಳುತ್ತಾರೆ. ಹೆಸರು, ತಂದೆಯ ಹೆಸರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಉದ್ದೇಶ, ಎಷ್ಟು ಮಂದಿ, ಸಹಿ. ದಾರದಲ್ಲಿ ಕಟ್ಟಿದ ಪೆನ್ನು. "ಆಧಾರ್ ಕೊಡ್ರಿ, ಜೆರಾಕ್ಸ್ ತಗೊಂಡು ಕೊಡ್ತೀವಿ." ಗೋಡೆಯ ಮೇಲೆ ಇಪ್ಪತ್ನಾಲ್ಕು ಗಂಟೆಯ ಚೆಕ್ ಔಟ್ ಎಂಬ ಬೋರ್ಡು. ಹುಡುಗನೊಬ್ಬ ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾನೆ, ಟ್ಯೂಬ್‌ಲೈಟ್ ಹಾಕುತ್ತಾನೆ, ಫ್ಯಾನು ತಿರುಗಿಸುತ್ತಾನೆ, ಸ್ಟೀಲ್ ಜಗ್ಗಿನಲ್ಲಿ ನೀರು ತಂದಿಡುತ್ತಾನೆ. "ಬಿಸಿನೀರು ಮುಂಜಾನೆ ಆರರಿಂದ ಒಂಬತ್ತರತನಕ ಬರ್ತಾವ ನೋಡ್ರಿ. ನಾಲ್ಕು ಮಂದಿ ಅದೀರಲ್ಲ, ಇನ್ನೊಂದು ಗಾದಿ ಹಾಕ್ಲೇನ್ರಿ?"

ಈ ಕೊನೆಯ ಮಾತಿನಲ್ಲಿ ನಮ್ಮ ಲಾಡ್ಜಿನ ದೊಡ್ಡಗುಣವಿದೆ. ಇಬ್ಬರ ಕೋಣೆಗೆ ನಾಲ್ವರು ಬಂದರೂ ಹೊಂದಿಸಿಕೊಡುತ್ತಾರೆ. ರಾತ್ರಿ ಮೂರಕ್ಕೆ ಬಂದವನ ದಿನ ಮರುದಿನ ರಾತ್ರಿ ಮೂರಕ್ಕೇ ಮುಗಿಯುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಗಾಡಿಗಳು ಬಂದು ಹೋಗುವ ಈ ಊರಿಗೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ನ್ಯಾಯವಾದದ್ದು. ಕೆಳಗಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುತ್ತವೆ. ರೋಗಿಗೆಂದು ಹೇಳಿದರೆ ಮೆತ್ತಗಿನ ಅನ್ನಕ್ಕೆ ತಿಳಿಸಾರು ಹಾಕಿ ಡಬ್ಬಿ ತುಂಬಿಕೊಡುತ್ತಾರೆ.

ಮಲಗುವ ಕೋಣೆ ಮಾತ್ರ ಅದೃಷ್ಟದ ಆಟ. ಒಂದೇ ಲಾಡ್ಜಿನಲ್ಲಿ, ಒಂದೇ ದರಕ್ಕೆ, ಎರಡನೆಯ ಮಹಡಿಯ ಕೋಣೆ ಚೊಕ್ಕಟವಾಗಿದ್ದರೆ ಮೂರನೆಯದರಲ್ಲಿ ನಲ್ಲಿ ಸೋರುತ್ತಿರುತ್ತದೆ. ದಿಂಬಿನ ಗವಸು ಯಾವಾಗ ಒಗೆದದ್ದೋ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಕೂಲರಿಗೆ ನೀರು ತುಂಬಿದ್ದಾರೋ ಇಲ್ಲವೋ ಎಂಬುದು ನಿದ್ದೆಯ ಪ್ರಶ್ನೆ. ಪರಿಚಯದವರ ಹೆಸರು ಹೇಳಿದರೆ ಒಳ್ಳೆಯ ಕೋಣೆಯ ಬೀಗದಕೈ ಸಿಗುತ್ತದೆ, ಹೇಳದವನಿಗೆ ಉಳಿದದ್ದು. ಬಂದವನು ಯಾರು ಎಂಬುದರ ಮೇಲೆ ಕೋಣೆಯ ಗುಣ ನಿಂತಿರುವುದು ನನಗೆ ನೋವಿನ ಸಂಗತಿ.

ಜಪಾನಿನ ಸಣ್ಣ ಕೋಣೆ

ಜಪಾನಿನಲ್ಲಿ ರೈಲು ನಿಲ್ದಾಣದಿಂದ ಹೊರಬಂದರೆ ನಾಲ್ಕು ಹೆಜ್ಜೆಗೊಂದು ಇಂಥ ಹೋಟೆಲು. ಅಲ್ಲಿ ಅವನ್ನು ಬಿಸಿನೆಸ್ ಹೋಟೆಲ್ ಎನ್ನುತ್ತಾರೆ. ಕಂಪನಿಯ ಕೆಲಸಕ್ಕೆ ಊರೂರು ತಿರುಗುವ ನೌಕರರಿಗಾಗಿ ಬೆಳೆದ ವ್ಯವಸ್ಥೆ. ವಾರದ ದಿನ, ಊರು, ಹಂಗಾಮು ನೋಡಿ ದರ ಬದಲಾಗುತ್ತದೆ. ಸಾಮಾನ್ಯ ದಿನಗಳಲ್ಲಿ ನಮ್ಮ ದುಡ್ಡಿನಲ್ಲಿ ಐದಾರು ಸಾವಿರ ರೂಪಾಯಿಗೆ ಒಳ್ಳೆಯ ಕೋಣೆ ಸಿಗುತ್ತದೆ. ಚೆರ್ರಿ ಹೂ ಅರಳುವ ವಸಂತದಲ್ಲಿ ಮತ್ತು ಶನಿವಾರದ ರಾತ್ರಿಗಳಲ್ಲಿ ಇದೇ ಕೋಣೆ ದುಬಾರಿ.

ಕೋಣೆ ಹನ್ನೆರಡರಿಂದ ಹದಿನೈದು ಚದರ ಮೀಟರು, ಅಂದರೆ ನಮ್ಮ ಲಾಡ್ಜಿನ ಡಬಲ್ ರೂಮಿಗಿಂತ ಸಣ್ಣದು. ಬಾಗಿಲ ಪಕ್ಕದ ಸಂದಿಯಲ್ಲಿ ಕೀ ಕಾರ್ಡ್ ತೂರಿಸಿದರಷ್ಟೇ ದೀಪ ಹತ್ತುತ್ತದೆ, ತೆಗೆದರೆ ಎಲ್ಲ ಆರುತ್ತದೆ. ಹೊಸ್ತಿಲಲ್ಲಿ ಚಪ್ಪಲಿ. ಮಂಚದ ಮೇಲೆ ಮಡಿಸಿಟ್ಟ ರಾತ್ರಿ ಉಡುಪು. ಮೇಜಿನ ಮೇಲೆ ನೀರು ಕಾಯಿಸುವ ಕೆಟಲ್, ಹಸಿರು ಚಹಾದ ಪೊಟ್ಟಣ. ಮಂಚದ ತಲೆಬದಿಯಲ್ಲಿ ಮಲಗಿದಲ್ಲಿಂದಲೇ ಕೈಗೆ ಸಿಗುವ ಸ್ವಿಚ್ಚುಗಳು, ಗೋಡೆಗೆ ಸಿಕ್ಕಿಸಿದ ತುರ್ತು ಟಾರ್ಚು. ಭೂಕಂಪದ ನಾಡು ಅದು, ಕತ್ತಲಲ್ಲಿ ಟಾರ್ಚು ಎಲ್ಲಿದೆಯೆಂದು ಹುಡುಕುವಂತಿರಬಾರದು. ಬಾಗಿಲ ಹಿಂಬದಿಯಲ್ಲಿ ತಪ್ಪಿಸಿಕೊಳ್ಳುವ ದಾರಿಯ ನಕ್ಷೆ, ಅದರಲ್ಲಿ ನಿಮ್ಮ ಕೋಣೆಗೆ ಕೆಂಪು ಗುರುತು.

ಬಚ್ಚಲನ್ನು ಹತ್ತಿರದಿಂದ ನೋಡಬೇಕು. ಒಂದು ಮೆಟ್ಟಿಲು ಏರಿ ಒಳಗೆ ಹೋದರೆ ಗೋಡೆ, ನೆಲ, ತೊಟ್ಟಿ ಎಲ್ಲವೂ ಸಂದಿಲ್ಲದೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಕೊಳೆ ಕೂರಲು ಮೂಲೆಯೇ ಇಲ್ಲ. ಒಂದೇ ನಲ್ಲಿಯ ಕೊಳವೆ ಅತ್ತ ತಿರುಗಿಸಿದರೆ ಕೈತೊಳೆಯುವ ಬೇಸಿನ್ನಿಗೆ, ಇತ್ತ ತಿರುಗಿಸಿದರೆ ಸ್ನಾನದ ತೊಟ್ಟಿಗೆ. ಕೆಲವು ಕಡೆ ಕನ್ನಡಿಯ ನಡುವಿನ ಚೌಕಕ್ಕೆ ಬಿಸಿನೀರಿನ ಹಬೆ ಹಿಡಿಯದಂತೆ ಏರ್ಪಾಟು. ಈ ಬಚ್ಚಲಿಗೊಂದು ಚರಿತ್ರೆಯೂ ಉಂಟು. 1964ರ ಟೋಕಿಯೊ ಒಲಿಂಪಿಕ್ಸ್ ಹೊತ್ತಿಗೆ ಹೋಟೆಲ್ ನ್ಯೂ ಒಟಾನಿಯ ಸಾವಿರಕ್ಕೂ ಹೆಚ್ಚು ಕೋಣೆಗಳನ್ನು ಅವಸರದಲ್ಲಿ ಮುಗಿಸಬೇಕಿತ್ತು. ಒಂದೊಂದು ಬಚ್ಚಲಿಗೂ ಟೈಲ್ಸ್ ಹಚ್ಚುತ್ತ ಕೂರುವಷ್ಟು ಸಮಯವಿರಲಿಲ್ಲ. ಆಗ ಇಂದು ಟೋಟೊ ಎಂದು ಹೆಸರಾದ ಕಂಪನಿ ಕಾರ್ಖಾನೆಯಲ್ಲೇ ಇಡೀ ಬಚ್ಚಲನ್ನು ತಯಾರಿಸಿ ತಂದು ಕೂರಿಸಿತು. ಐಷಾರಾಮಿ ಹೋಟೆಲಿನ ಅವಸರಕ್ಕೆ ಹುಟ್ಟಿದ ಉಪಾಯ ಮುಂದೆ ಸಾಧಾರಣ ನೌಕರನ ಸಣ್ಣ ಕೋಣೆಗೂ ಇಳಿದುಬಂತು. ಇವತ್ತು ಯಾವ ಊರಿಗೆ ಹೋದರೂ ಆ ದರದ ಕೋಣೆಯಲ್ಲಿ ಆ ಬಚ್ಚಲು ಇದ್ದೇ ಇರುತ್ತದೆ, ಯಾವ ಹೊತ್ತಿನಲ್ಲೂ ಬಿಸಿನೀರು ಬಂದೇ ಬರುತ್ತದೆ.

ಅಲ್ಲಿನ ಸೌಕರ್ಯಕ್ಕಿಂತ ಈ ಖಾತ್ರಿ ನನ್ನ ಮನಸ್ಸು ಗೆದ್ದಿತು. ಸಣ್ಣ ಕೋಣೆ ಎಂದು ಮೊದಲೇ ಹೇಳಿರುತ್ತಾರೆ, ಎಷ್ಟು ಚದರ ಮೀಟರೆಂದು ಬರೆದಿರುತ್ತಾರೆ, ಮಂಚದ ಅಗಲವನ್ನೂ ತಿಳಿಸಿರುತ್ತಾರೆ. ಹೇಳಿದ್ದಕ್ಕಿಂತ ಒಂದು ಬೊಟ್ಟು ಕಡಿಮೆಯಾಗುವುದಿಲ್ಲ. ಪರಿಚಯ ಹೇಳಿ ಪಡೆಯಬೇಕಾದ ಒಳ್ಳೆಯ ಕೋಣೆ ಎಂಬುದು ಅಲ್ಲಿಲ್ಲ.

ಇದು ಏಕಾಏಕಿ ಬಂದದ್ದಲ್ಲ. ಜಪಾನಿನ ಇಂಥ ಹೋಟೆಲುಗಳ ಮೊದಲಿಗ ಎಂದು ಹೊಕ್ಕೆ ಕ್ಲಬ್ಬಿನ ಹೆಸರು ಹೇಳುತ್ತಾರೆ. 1920ರಲ್ಲಿ ಕ್ಯೋಟೊದಲ್ಲಿ ಅದು ಶುರುವಾದದ್ದು ಬೌದ್ಧ ಪಂಥವೊಂದರ ಮೂಲಪೀಠಗಳಿಗೆ ಬರುವ ಯಾತ್ರಿಕರ ವಸತಿಗಾಗಿ. ಯಾತ್ರಿಕರ ಛತ್ರದಿಂದ ನೌಕರರ ಹೋಟೆಲು ಬೆಳೆಯಿತು. ಯಾತ್ರಿಕರ ಊರಾದ ಕಲಬುರಗಿಯವರು ಗಮನಿಸಬೇಕಾದ ಸಂಗತಿ ಇದು.

ದಾಸೋಹದ ಊರು

ಪರಊರಿನವರನ್ನು ನೋಡಿಕೊಳ್ಳುವುದು ಕಲಬುರಗಿಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. 1347ರಲ್ಲಿ ಬಹಮನಿಗಳ ರಾಜಧಾನಿಯಾದ ಮೇಲೆ ಇರಾನಿನಿಂದ, ಅರಬ್ ನಾಡಿನಿಂದ, ದಿಲ್ಲಿಯಿಂದ ಮಂದಿ ಬಂದು ಇಲ್ಲಿ ನೆಲೆ ಕಂಡರು. ಕೋಟೆಯೊಳಗಿನ 1367ರ ಜಾಮಿ ಮಸೀದಿ ಕಟ್ಟಿದ ರಫಿ ಇರಾನಿನ ಕಜ್ವೀನ್ ಮೂಲದವನು. ದಿಲ್ಲಿಯ ಮೇಲೆ ತೈಮೂರನ ದಾಳಿಯಾದ ಕಾಲದಲ್ಲಿ ದಕ್ಷಿಣಕ್ಕೆ ಹೊರಟ ಖ್ವಾಜಾ ಬಂದೇನವಾಜರು ಇಲ್ಲಿಗೆ ಬಂದು 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಅವರ ಉರುಸಿಗೆ ಇಂದಿಗೂ ಲಕ್ಷಾಂತರ ಮಂದಿ ಬರುತ್ತಾರೆ, ಅವರಲ್ಲಿ ಹಿಂದೂಗಳೂ ಇದ್ದಾರೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಕಲಬುರಗಿಗೆ ಬಂದು ದಾಸೋಹವನ್ನೇ ಬದುಕಾಗಿಸಿಕೊಂಡರು. 1822ರಲ್ಲಿ ಅವರು ಲಿಂಗೈಕ್ಯರಾಗಿ ಎರಡು ಶತಮಾನ ಕಳೆದರೂ ಅವರ ಮಹಾದಾಸೋಹ ಪೀಠದಲ್ಲಿ ಅನ್ನ ನಿಂತಿಲ್ಲ. ಬಂದವರ ಜಾತಿ ಕೇಳದೆ, ಊರು ಕೇಳದೆ ಉಣಿಸುವ ಎರಡು ದೊಡ್ಡ ಪರಂಪರೆಗಳು ಒಂದೇ ಊರಿನಲ್ಲಿವೆ.

ಜಾತ್ರೆ ಮತ್ತು ಉರುಸಿನ ದಿನಗಳಲ್ಲಿ ಈ ಭಾವ ಊರಿಗೆ ಊರನ್ನೇ ಆವರಿಸುತ್ತದೆ. ಮನೆಯ ಜಗಲಿ, ಶಾಲೆಯ ವರಾಂಡ, ಅಂಗಡಿಯ ಕಟ್ಟೆ ಎಲ್ಲವೂ ಮಲಗುವ ಜಾಗಗಳಾಗುತ್ತವೆ. ಆದರೆ ಆಸ್ಪತ್ರೆಗೆ ಬರುವವರಿಗೆ ಜಾತ್ರೆಯ ತಿಥಿ ಇಲ್ಲ, ಕೋರ್ಟಿಗೆ ಬರುವವರಿಗೆ ಉರುಸಿನ ಕಾಲವಿಲ್ಲ. ಭಕ್ತಿಯಿಂದ ನಡೆಯುವ ಆದರ ಹಬ್ಬದ ದಿನ ಉಕ್ಕುತ್ತದೆ. ವರ್ಷದ ಉಳಿದ ರಾತ್ರಿಗಳಿಗೆ ನಿಯಮದಿಂದ ನಡೆಯುವ ಆದರವೂ ಜೊತೆಗೆ ಬೇಕು.

ಇಲ್ಲ ಎನ್ನಲು ಕಾರಣ ಬೇಕು

ಜಪಾನಿನಲ್ಲಿ 1948ರ ಹೋಟೆಲ್ ಕಾಯ್ದೆಯಿದೆ. ಕೋಣೆ ಖಾಲಿಯಿದ್ದಾಗ ಮನಸ್ಸಿಗೆ ಬಂದಂತೆ ಅತಿಥಿಯನ್ನು ವಾಪಸ್ ಕಳಿಸುವ ಹಾಗಿಲ್ಲ. ಯಾವ ಯಾವ ಕಾರಣಕ್ಕೆ ನಿರಾಕರಿಸಬಹುದು ಎಂದು ಕಾಯ್ದೆಯೇ ಪಟ್ಟಿ ಮಾಡಿದೆ. ವಿಳಾಸ ಬರೆಸಿಕೊಳ್ಳುತ್ತಾರೆ, ಅಲ್ಲಿ ನೆಲೆಸಿರದ ವಿದೇಶಿಯರ ಪಾಸ್‌ಪೋರ್ಟ್ ನಕಲು ಇಟ್ಟುಕೊಳ್ಳುತ್ತಾರೆ, ಮುಗಿಯಿತು. 1986ರಲ್ಲಿ ಶುರುವಾದ ತೊಯೊಕೊ ಇನ್ ಎಂಬ ಹೋಟೆಲ್ ಸರಣಿಯಲ್ಲಿ ಬಹುಪಾಲು ಶಾಖೆಗಳ ವ್ಯವಸ್ಥಾಪಕರು ಹೆಂಗಸರೇ. ಒಂಟಿಯಾಗಿ ಬಂದ ಹೆಣ್ಣುಮಗಳಿಗೆ ಕೌಂಟರಿನ ಆಚೆ ಒಬ್ಬ ಹೆಂಗಸು ನಿಂತಿರುವುದು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ಪರೀಕ್ಷೆಗೆ ಮಗಳನ್ನು ಕಳಿಸುವ ನಮ್ಮ ತಾಯಂದಿರು ಬಲ್ಲರು. ನಮ್ಮಲ್ಲಿ ಒಂಟಿ ಹೆಣ್ಣುಮಗಳು ಬಂದರೆ "ಜೊತೀಗೆ ಯಾರದಾರ?" ಎಂಬ ಪ್ರಶ್ನೆ ಇನ್ನೂ ಮೊದಲು ಬರುತ್ತದೆ.

ನಮ್ಮ ಸಂವಿಧಾನವೂ ಇದನ್ನು ಮರೆತಿಲ್ಲ. 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಉಪಾಹಾರಗೃಹಗಳ ಜೊತೆಗೆ ಹೋಟೆಲುಗಳನ್ನೂ ಹೆಸರಿಸಿ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವಷ್ಟರ ಕಾರಣಕ್ಕೆ ಯಾವ ನಾಗರಿಕನನ್ನೂ ಅಲ್ಲಿಂದ ದೂರವಿಡಬಾರದು ಎನ್ನುತ್ತದೆ. ಅದರ ಹಿಂದೆ ಅನುಭವದ ಉರಿಯಿದೆ. ವಿದೇಶದಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಯಾವ ಹೋಟೆಲೂ ಅವರನ್ನು ಸೇರಿಸಿಕೊಳ್ಳದ ಸ್ಥಿತಿ. ಪಾರ್ಸಿಯೊಬ್ಬರ ವಸತಿಗೃಹದಲ್ಲಿ ಬೇರೆ ಹೆಸರಿನಲ್ಲಿ ಉಳಿದರು. ಕೊನೆಗೆ ಕೋಲು ಹಿಡಿದ ಗುಂಪು ಬಂದು ಅಲ್ಲಿಂದಲೂ ಹೊರಡಿಸಿತು. ಅಷ್ಟು ದೊಡ್ಡ ವಿದ್ವಾಂಸರು ಉಳಿಯಲು ಜಾಗವಿಲ್ಲದೆ ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕೂರಬೇಕಾಯಿತು. ಪರಊರಿನಲ್ಲಿ ಕೋಣೆ ಸಿಗುವುದು ಸಣ್ಣ ಸಂಗತಿ ಎಂದು ತಿಳಿದವರು ಈ ಪ್ರಸಂಗ ನೆನೆಯಬೇಕು. ಕೌಂಟರಿನ ಮೇಲೆ ಬಿಚ್ಚಿಟ್ಟ ರಜಿಸ್ಟರಿನಲ್ಲಿ ಹೆಸರು ಬರೆದವರೆಲ್ಲರಿಗೂ ಒಂದೇ ಬಗೆಯ ಕೋಣೆ ಸಿಕ್ಕಾಗಲೇ ಆ ವಿಧಿ ಸ್ಟೇಷನ್ ರಸ್ತೆಗೆ ಇಳಿದಂತೆ.

ಅಲ್ಲಿಲ್ಲದ್ದು

ಜಪಾನಿನ ಕೋಣೆಯಲ್ಲಿ ಸಿಗದದ್ದೂ ಇದೆ. ಅಲ್ಲಿ ದರ ಎಷ್ಟೋ ಕಡೆ ತಲೆ ಲೆಕ್ಕದಲ್ಲಿರುತ್ತದೆ. ಒಬ್ಬರ ಕೋಣೆಗೆ ಇನ್ನೊಬ್ಬರನ್ನು ಕರೆತಂದರೆ ಒಪ್ಪುವುದಿಲ್ಲ, ಹೆಚ್ಚಿನ ಗಾದಿಯ ಮಾತೇ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ಕೋಣೆ, ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ಖಾಲಿ. ಬೇಗ ಬಂದರೆ ಸಾಮಾನು ಇಟ್ಟುಕೊಳ್ಳುತ್ತಾರೆ, ಕೋಣೆ ಕೊಡುವುದಿಲ್ಲ. ಮುಂಜಾನೆ ಬಂದಿಳಿದ ರೋಗಿಗೆ ಈ ನಿಯಮ ಕಷ್ಟ. ಅಲ್ಲಿನ ತಿಂಡಿಯಲ್ಲಿ ಅನ್ನ, ಮೀಸೊ ಸಾರು, ಉಪ್ಪಿನಕಾಯಿ ಇದ್ದರೂ ಸಾರಿಗೆ ಒಣಮೀನಿನ ಸತ್ವ ಸೇರಿರುವುದೇ ರೂಢಿ. ಶಾಕಾಹಾರಿಗಳು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಚಿಂತೆಯಿಲ್ಲ. ಕೆಟಲ್ ಇರುವುದರಿಂದ ಬಿಸಿನೀರಿಗೆ ಕೊರತೆಯಿಲ್ಲ, ಬಟ್ಟೆ ಒಗೆಯಲು ನಾಣ್ಯ ಹಾಕುವ ಯಂತ್ರವೂ ಬಹಳ ಕಡೆ ಇರುತ್ತದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಹಾಗಾಗಿ ಜಪಾನಿನ ಹೋಟೆಲನ್ನು ಹಾಗೆಯೇ ತಂದು ಸ್ಟೇಷನ್ ರಸ್ತೆಯಲ್ಲಿ ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ನಮ್ಮ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಉಳಿಯಲಿ, ಇನ್ನೊಂದು ಗಾದಿ ಉಳಿಯಲಿ, ರೋಗಿಗೆ ಕಟ್ಟಿಕೊಡುವ ಡಬ್ಬಿ ಉಳಿಯಲಿ. ಅವುಗಳ ಕೆಳಗೆ ಖಾತ್ರಿಯ ನೆಲಗಟ್ಟು ಬೀಳಲಿ.

ಜಪಾನಿನ ಬಹಳಷ್ಟು ಹೋಟೆಲ್ ಕೋಣೆಗಳ ಡ್ರಾಯರಿನಲ್ಲಿ ಬುದ್ಧನ ಬೋಧನೆಯ ಪುಸ್ತಕವಿರುತ್ತದೆ. ಉದ್ಯಮಿ ಯೆಹಾನ್ ನುಮಾತಾ 1965ರಲ್ಲಿ ಕಟ್ಟಿದ ಸಂಸ್ಥೆ ಅದನ್ನು ಹಂಚುತ್ತ ಬಂದಿದೆ. ಅದನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿ. ಅಲ್ಲಿ ಅಶೋಕನ ಶಾಸನ ಸಿಕ್ಕಿತು, ಪಕ್ಕದ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ 'ರಾಯ ಅಸೋಕ' ಎಂದು ಬ್ರಾಹ್ಮಿಯಲ್ಲಿ ಬರೆದ ಶಿಲ್ಪವೇ ಸಿಕ್ಕಿತು. ಆ ಸ್ತೂಪದ ಶಾಸನಗಳನ್ನು ಜಪಾನಿನ ವಿದ್ವಾಂಸೆ ಮೈಕೊ ನಕಾನಿಶಿ ಮತ್ತು ಜರ್ಮನಿಯ ಓಸ್ಕರ್ ಫೊನ್ ಹಿನ್ಯೂಬರ್ ಅಧ್ಯಯನ ಮಾಡಿ, 2014ರಲ್ಲಿ ಟೋಕಿಯೊದ ಸೋಕಾ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿದರು. 2009ರ ಜನವರಿಯಲ್ಲಿ ಉದ್ಘಾಟನೆಯಾದ ಕಲಬುರಗಿಯ ಬುದ್ಧವಿಹಾರ ಗುಲ್ಬರ್ಗ ವಿಶ್ವವಿದ್ಯಾಲಯದ ಬಳಿಯೇ ಇದೆ. ಬೌದ್ಧ ಜಗತ್ತಿನ ಯಾತ್ರಿಕರು ಸನ್ನತಿಗೆ ಬಂದರೆ ಉಳಿಯಬೇಕಾದ ದೊಡ್ಡ ಊರು ಕಲಬುರಗಿ. ಅವರೂ ಅರಮನೆ ಕೇಳುವವರಲ್ಲ, ಚೊಕ್ಕಟ ಕೋಣೆ ಕೇಳುವವರು.

ಕಮಲಾಪುರದಲ್ಲೇಕೆ ನಿಲ್ಲಬಾರದು?

ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿ ಮುಂದೆ ಹೋದರೆ, ಕಲಬುರಗಿಯಿಂದ ಸುಮಾರು 35 ಕಿಲೊಮೀಟರಿಗೆ ಕಮಲಾಪುರ. 2018ರಲ್ಲಿ ತಾಲ್ಲೂಕಾಯಿತು. ರಾಷ್ಟ್ರೀಯ ಹೆದ್ದಾರಿ 50 ಊರನ್ನು ಮುಟ್ಟುತ್ತದೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗ ಮರಗುತ್ತಿಯ ಗುಡ್ಡವನ್ನು ಸುರಂಗದಲ್ಲಿ ಕೊರೆದು ಈ ಭಾಗವನ್ನು ಹಾಯುತ್ತದೆ. ಕಮಲಾಪುರ, ರಾಜನಾಳ, ನಾವನಿಹಾಳದ ತಗ್ಗಿನ ಹೊಲಗಳಲ್ಲಿ ಬೆಳೆಯುವ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ನೆಟ್ಟ ಮೇಲೆ ಗೊನೆ ಕಡಿಯಲು ಹತ್ತಿರ ಹತ್ತಿರ ಒಂದೂವರೆ ವರ್ಷ ಕಾಯಬೇಕು, ಆರೈಕೆಯ ಖರ್ಚು ಹೆಚ್ಚು. ಹೆದ್ದಾರಿಯ ಹತ್ತಿರವೇ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟಗಳ ಗುಂಪಿದೆ.

ಇಷ್ಟೆಲ್ಲ ಇದ್ದೂ ಈ ದಾರಿಯಲ್ಲಿ ಕಾರಿನವರು ಬಾಳೆಹಣ್ಣು ಕೊಂಡು ಮುಂದೆ ಸಾಗುತ್ತಾರೆ. ತಾಲ್ಲೂಕು ಕಚೇರಿಯ ಕೆಲಸಕ್ಕೆ ಬಂದವರು ಸಂಜೆ ಕಲಬುರಗಿಯ ಬಸ್ಸು ಹಿಡಿಯುತ್ತಾರೆ. ರಾತ್ರಿ ನಿಂತವರು ಬೆಳಗಿನ ತಿಂಡಿ ತಿನ್ನುತ್ತಾರೆ, ಸಂತೆಯಲ್ಲಿ ಕೊಳ್ಳುತ್ತಾರೆ, ಆಟೊ ಹತ್ತುತ್ತಾರೆ, ಗುಮ್ಮಟ ನೋಡಲು ದಾರಿ ಕೇಳುತ್ತಾರೆ. ನಿಲ್ಲದೆ ಹೋದವರ ದುಡ್ಡು ಅವರ ಜೊತೆಗೇ ಹೋಗುತ್ತದೆ. ಕಮಲಾಪುರಕ್ಕೆ ಬೇಕಾದದ್ದು ಹನ್ನೆರಡು ಕೋಣೆಗಳ ಒಂದು ಸಣ್ಣ ಹೋಟೆಲು. ಕೋಣೆ ಚಿಕ್ಕದಾದರೂ ಸರಿ, ಎಲ್ಲ ಕೋಣೆಯೂ ಒಂದೇ ತೆರನಾಗಿರಲಿ, ಚಾದರ ದಿನವೂ ಬದಲಾಗಲಿ, ಊಟಕ್ಕೆ ಊರಿನ ರೊಟ್ಟಿ, ತಟ್ಟೆಯಲ್ಲಿ ಊರಿನ ಕೆಂಪು ಬಾಳೆ. ಸ್ವಸಹಾಯ ಸಂಘದ ಹೆಂಗಸರು ನಡೆಸಿದರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಪ್ರಯಾಣ ಮಾಡುವವರು ಅಂಥ ಜಾಗವನ್ನು ಹುಡುಕಿಕೊಂಡು ಬರುತ್ತಾರೆ.

ಈಗ ಆಗಬೇಕಾದದ್ದು

ಇದಕ್ಕೆಲ್ಲ ಕೋಟಿಗಟ್ಟಲೆ ಯೋಜನೆ ಬೇಡ. ಕಲಬುರಗಿಯ ಲಾಡ್ಜ್ ಮಾಲೀಕರು ಒಟ್ಟಿಗೆ ಕೂತು ಕನಿಷ್ಠ ಮಟ್ಟವೊಂದನ್ನು ಗೊತ್ತುಮಾಡಿಕೊಳ್ಳಲಿ: ಪ್ರತಿ ಅತಿಥಿಗೂ ಒಗೆದ ಚಾದರ ಮತ್ತು ಗವಸು, ಒಳಗಿನ ಗಟ್ಟಿ ಚಿಲಕ, ಇಡೀ ದಿನ ಬಿಸಿನೀರು, ಬೇಸಿಗೆಯಲ್ಲಿ ನೀರು ತುಂಬಿದ ಕೂಲರು, ಬೆಂಕಿ ಬಿದ್ದರೆ ಹೊರಬರುವ ದಾರಿಯ ನಕ್ಷೆ, ಕೋಣೆಯ ಅಳತೆ ಮತ್ತು ದರದ ಫಲಕ. ಒಂದು ಮಹಡಿಯನ್ನು ಒಂಟಿ ಹೆಣ್ಣುಮಕ್ಕಳಿಗೆ ಮತ್ತು ಕುಟುಂಬಗಳಿಗೆ ಮೀಸಲಿಡಲಿ, ರಾತ್ರಿ ಪಾಳಿಯ ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಇರಲಿ. ಈ ಮಟ್ಟ ಕಾಯ್ದುಕೊಂಡ ಲಾಡ್ಜುಗಳ ಪಟ್ಟಿಯನ್ನು ಪಾಲಿಕೆ ರೈಲು ನಿಲ್ದಾಣದಲ್ಲಿ, ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ, ಹೈಕೋರ್ಟಿನ ಆವರಣದಲ್ಲಿ ಹಾಕಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆ ಇಳಿಕೆಯ ಒಂದು ಪಾಲು ಅತಿಥಿಯ ಚಾದರಕ್ಕೂ ಬಿಸಿನೀರಿಗೂ ಬರಬೇಕೆಂದು ಕೇಳುವುದು ಹೆಚ್ಚಿನದೇನಲ್ಲ.

ಅನ್ನದ ವಿಷಯದಲ್ಲಿ ಕಲಬುರಗಿ ಎರಡು ಶತಮಾನಗಳಿಂದ ಯಾರನ್ನೂ ಯಾರೆಂದು ಕೇಳಿಲ್ಲ. ಹಾಸಿಗೆಯ ವಿಷಯದಲ್ಲೂ ಅದೇ ಶಿಸ್ತು ಬಂದರೆ, ಪರೀಕ್ಷೆಗೆ ಬಂದ ಹುಡುಗಿಯೂ ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಬಂದ ಮಗನೂ ಸನ್ನತಿ ನೋಡಲು ಬಂದ ಜಪಾನಿನ ಯಾತ್ರಿಕನೂ ಅದೇ ದರಕ್ಕೆ ಅದೇ ಬಗೆಯ ಕೋಣೆ ಪಡೆಯುತ್ತಾರೆ. ಅದನ್ನು ಮಾಡಿ ತೋರಿಸುವ ಶಕ್ತಿ ಈ ಊರಿಗಿದೆ. ಈ ವರ್ಷದ ಉರುಸಿಗೂ ಮುಂದಿನ ಜಾತ್ರೆಗೂ ಕಾಯದೆ ಲಾಡ್ಜ್ ಮಾಲೀಕರು, ಪಾಲಿಕೆ, ಆಸ್ಪತ್ರೆಗಳು ಒಂದು ಸಭೆ ಕರೆದು ಶುರುಮಾಡಲಿ.